ತಾರೀಖಿಗೊಂದು ಸಂಚಕಾರ

2018ರ ದೀಪಾವಳಿ ಮುಗಿದ ವಾರ. ಪುಣೆಯ ನಮ್ಮ ಕನ್ನಡ ಬಳಗದ ಸ್ನೇಹಕೂಟದಲ್ಲಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರು ಹುಬ್ಬಳ್ಳಿಯವರು, ನಾನು ಧಾರವಾಡದವನು. ಪರಿಚಯವಾದ ಮೊದಲ ದಿನದಿಂದಲೂ ಅವರು ನನಗೆ ಕಾಕಾ. ಮಗಳ ಮದುವೆ ಫೆಬ್ರುವರಿಯಲ್ಲಿ ಹುಬ್ಬಳ್ಳಿಯಲ್ಲಿ ಗೊತ್ತಾಗಿತ್ತು. ಫೋಟೋ, ವಿಡಿಯೋ ಎರಡೂ ನಾನೇ ನೋಡಿಕೊಳ್ಳಬೇಕು ಎಂದರು. ಎರಡು ದಿನದ ಕೆಲಸಕ್ಕೆ ಆಲ್ಬಮ್ ಸೇರಿ 85,000 ರೂಪಾಯಿ ಎಂದೆ. ಚೌಕಾಶಿ ಮಾಡದೆ ಒಪ್ಪಿದರು. ಅಡ್ವಾನ್ಸ್ ಎಂದು ಬಾಯಿ ತೆರೆಯುವಷ್ಟರಲ್ಲಿ ಹೆಗಲ ಮೇಲೆ ಕೈ ಹಾಕಿದರು.

"ಅಡ್ವಾನ್ಸ್ ಗಿಡ್ವಾನ್ಸ್ ಎಲ್ಲಾ ಯಾಕಪಾ? ನಮ್ಮ ಮನಿ ಹುಡುಗ ಇದ್ದಂಗ ಇದ್ದಿ. ಮದವಿ ಆದ ಮ್ಯಾಲೆ ಒಮ್ಮೆಲೇ ಕೊಟ್ಟುಬಿಡ್ತೀನಿ."

ನಾನು ನಕ್ಕು ಹೂಂ ಎಂದೆ. ಮುಂದಿನ ತಿಂಗಳು ಕೋಥ್ರೂಡಿನ ಮರಾಠಿ ಕುಟುಂಬವೊಂದು ಅದೇ ತಾರೀಖಿಗೆ ಕೇಳಿಕೊಂಡು ಬಂತು. 25,000 ರೂಪಾಯಿ ಆಗಲೇ ಕಳಿಸುತ್ತೇವೆ ಎಂದರು. ತಾರೀಖು ಖಾಲಿ ಇಲ್ಲ ಎಂದು ಹೇಳಿ ಕಳಿಸಿದೆ.

ಮದುವೆಗೆ 12 ದಿನ ಇರುವಾಗ ಕಾಕಾನ ಫೋನು ಬಂತು. "ಬೀಗರು ತಮ್ಮ ಫೋಟೋಗ್ರಾಫರನ್ನ ಕರಕೊಂಡು ಬರ್ತಾರಂತ. ಇಬ್ಬಿಬ್ಬರು ಯಾಕ ಅಂದ್ರು. ನೀ ಏನೂ ತಪ್ಪ ತಿಳ್ಕೋಬ್ಯಾಡ. ಊಟಕ್ಕ ಮಾತ್ರ ತಪ್ಪದ ಬರಬೇಕ ನೋಡು."

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಬೀಗರ ಮುಂದೆ ಹೆಣ್ಣಿನ ತಂದೆ ಎಷ್ಟು ಮಾತಾಡಿಯಾರು? ನನಗೆ ಹೋದದ್ದು ರೈಲು ಟಿಕೆಟ್ಟಿನ ಹಣ, ಬಾಡಿಗೆಗೆ ಹೇಳಿಟ್ಟಿದ್ದ ಲೆನ್ಸಿನ ಮುಂಗಡ, ಮತ್ತು ಒಂದು ಶನಿವಾರ, ಭಾನುವಾರ. ಹಿಂಜವಡಿಯ ಕಂಪನಿಯಿಂದ ತಿಂಗಳ ಕೊನೆಗೆ ಸಂಬಳ ಬರುವ ನನಗೆ ಅದು ದೊಡ್ಡ ಹೊಡೆತವಲ್ಲ.

ಹೊಡೆತ ಬಿದ್ದದ್ದು ನನ್ನ ಜತೆ ಎರಡನೇ ಕ್ಯಾಮೆರಾ ಹಿಡಿಯಬೇಕಿದ್ದ ಹುಡುಗನಿಗೆ. ಅಕ್ಕಲಕೋಟೆ ಕಡೆಯ ಕನ್ನಡದವನು, ವಯಸ್ಸು 22. ಅವನಿಗೆ ಇದೇ ಹೊಟ್ಟೆಪಾಡು. ನನ್ನ ಮಾತು ನಂಬಿ ಅವನೂ ಆ ಎರಡು ದಿನಕ್ಕೆ ಬಂದ ಬೇರೊಂದು ಕೆಲಸ ಬಿಟ್ಟಿದ್ದ. ದಿನಕ್ಕೆ 6,000ದಂತೆ ಅವನ ಲೆಕ್ಕ 12,000 ರೂಪಾಯಿ. ಅಷ್ಟರಲ್ಲಿ ಅವನ ಒಂದು ತಿಂಗಳ ಕೋಣೆ ಬಾಡಿಗೆ ಮತ್ತು ಊರಿಗೆ ಕಳಿಸುವ ಹಣ ಎರಡೂ ನಡೆಯುತ್ತಿದ್ದವು. ವಿಷಯ ತಿಳಿಸಿದಾಗ ಅವನು ಜಗಳ ಮಾಡಲಿಲ್ಲ. "ಇರ್ಲಿ ಬಿಡ್ರಿ ಅಣ್ಣಾ" ಎಂದ. ಆ ಮಾತೇ ನನ್ನನ್ನು ಹೆಚ್ಚು ಚುಚ್ಚಿತು. ಅವನಿಗೆ ಅರ್ಧ ಹಣ ಕೈಯಿಂದ ಕೊಟ್ಟೆ. ನಾನು ದಾಕ್ಷಿಣ್ಯಕ್ಕೆ ಬಿದ್ದು ಕೇಳದೆ ಬಿಟ್ಟದ್ದು ನನ್ನ ಹಣ ಮಾತ್ರ ಆಗಿರಲಿಲ್ಲ ಎಂಬುದು ಆಗ ಹೊಳೆಯಿತು.

ವಿಚಿತ್ರವೆಂದರೆ, ಆಫೀಸಿನಲ್ಲಿ ನನ್ನ ಕೆಲಸದ ಒಂದು ಭಾಗವೇ ಗ್ರಾಹಕ ಕಂಪನಿಗಳಿಗೆ ಮೈಲ್‌ಸ್ಟೋನ್ ಪ್ರಕಾರ ಬಿಲ್ಲು ಕಳಿಸುವುದು. ಸಹಿಯಾಗದೆ ಒಂದು ಸಾಲು ಕೋಡ್ ಬರೆಯುವುದಿಲ್ಲ. ಅಂಥವನು ವಾರಾಂತ್ಯದಲ್ಲಿ ಕ್ಯಾಮೆರಾ ಹೆಗಲಿಗೇರಿಸಿದೊಡನೆ "ನೀವು ಹೇಳಿದ್ದೇ ಸಾಕು" ಎನ್ನುವ ಮನುಷ್ಯನಾಗುತ್ತಿದ್ದೆ. ಮಹಾನಗರಗಳಲ್ಲಿರುವ ನಮ್ಮವರಲ್ಲಿ ನನ್ನಂತೆ ಪಕ್ಕದ ಕಸುಬು ಹಿಡಿದವರು ಕಡಿಮೆಯಿಲ್ಲ. ಕೇಕ್ ಮಾಡುವವರು, ಮೆಹೆಂದಿ ಹಾಕುವವರು, ನಿರೂಪಣೆ ಮಾಡುವವರು ಇದ್ದಾರೆ. ಮಗಳ ಮದುವೆಗೆ ಇವರನ್ನೆಲ್ಲ ಹುಡುಕುವ ತಂದೆ ತಾಯಿಗಳೂ ನಮ್ಮಲ್ಲೇ ಇದ್ದಾರೆ. ಇಬ್ಬರಿಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮಾರುವುದು ಫೋಟೋ ಅಲ್ಲ, ತಾರೀಖು

ಮಂಗಲ ಕಾರ್ಯಾಲಯಕ್ಕೆ ಮುಂಗಡ ಕೊಡದೆ ತಾರೀಖು ಸಿಗುವುದಿಲ್ಲ. ಅಡುಗೆಯವರಿಗೆ, ಬ್ಯಾಂಡಿನವರಿಗೆ, ಮಂಟಪ ಕಟ್ಟುವವರಿಗೆ ಯಾರೂ ಎರಡನೇ ಮಾತಿಲ್ಲದೆ ಕೊಡುತ್ತಾರೆ. ಫೋಟೋಗ್ರಾಫರ್ ಕೇಳಿದರೆ ಮಾತ್ರ "ನಾವೇನ್ ಓಡಿ ಹೋಗ್ತೀವೇನ್ರಿ?" ಎಂಬ ಮಾತು ಬರುತ್ತದೆ. ಕ್ಯಾಮೆರಾ ಹೇಗೂ ಅವನ ಬಳಿ ಇದೆ, ಬಂದು ಕ್ಲಿಕ್ ಮಾಡಿ ಹೋಗುತ್ತಾನೆ, ಅವನಿಗೇನು ನಷ್ಟ ಎಂಬ ಎಣಿಕೆ.

ನಷ್ಟ ತಾರೀಖಿನದು. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ನಮ್ಮಲ್ಲಿ ಮದುವೆಗಳಿಲ್ಲ. ತುಳಸಿ ಲಗ್ನ ಆದ ಮೇಲೆ ಶುರುವಾದ ಹಂಗಾಮು ಡಿಸೆಂಬರ್ ನಡುವೆ ನಿಲ್ಲುತ್ತದೆ, ಸಂಕ್ರಾಂತಿಯ ನಂತರ ಮತ್ತೆ ಏಳುತ್ತದೆ. ಉಳಿದ ದಿನಗಳಲ್ಲೂ ಗುರು ಶುಕ್ರರ ಅಸ್ತ ಬಂದರೆ ಮುಹೂರ್ತ ತೆಗೆಯುವುದಿಲ್ಲ. 2024ರ ಮೇ, ಜೂನ್‌ನಲ್ಲಿ ಹೀಗೇ ಆಗಿ ಮುಹೂರ್ತಗಳು ತೀರ ಕಡಿಮೆಯಾದವು. 2026ರ ಪಂಚಾಂಗದಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅಂದರೆ ಬೇಸಿಗೆ ರಜೆಯ ಅರ್ಧ ಭಾಗವೇ ಹೋಯಿತು. ಉಳಿದ ಕೆಲವೇ ದಿನಗಳಲ್ಲಿ ಊರಿಗೆ ಊರೇ ಮದುವೆ ಮಾಡುತ್ತದೆ. ಅದರಲ್ಲೂ ನನ್ನಂಥ ನೌಕರಿಯವನಿಗೆ ಶನಿವಾರ, ಭಾನುವಾರ ಬಿದ್ದರೆ ಮಾತ್ರ ಉಪಯೋಗ. ವರ್ಷಕ್ಕೆ ನಾನು ಒಪ್ಪಿಕೊಳ್ಳಬಹುದಾದ ಮದುವೆಗಳು ಹತ್ತು ಹನ್ನೆರಡು. ಒಂದು ತಾರೀಖನ್ನು ನಿಮಗಾಗಿ ಬರೆದಿಟ್ಟುಕೊಂಡೆ ಎಂದರೆ ಆಮೇಲೆ ಬಂದ ಎಲ್ಲರಿಗೂ ಇಲ್ಲ ಎನ್ನಬೇಕು. ಹಾಲು ಹೊತ್ತು ಮೀರಿದರೆ ಮೊಸರಾದರೂ ಆದೀತು, ದಾಟಿಹೋದ ಮುಹೂರ್ತದಿಂದ ಏನೂ ಆಗದು.

ನಮ್ಮ ಭಾಷೆಯಲ್ಲಿ ಇದಕ್ಕೊಂದು ಹಳೆಯ ಮಾತಿದೆ, ಸಂಚಕಾರ. ವ್ಯಾಪಾರ ಪಕ್ಕಾ ಆಯಿತು ಎಂದು ಸೂಚಿಸಲು ಕೊಡುವ ಹಣ. ಮಹಾರಾಷ್ಟ್ರದಲ್ಲಿ ಹೊಲ, ಮನೆ ಕೊಳ್ಳುವವರು ಇವತ್ತಿಗೂ 'ವಿಸಾರ್ ಪಾವತಿ' ಮಾಡಿಕೊಳ್ಳುತ್ತಾರಲ್ಲ, ಅದೇ ಇದು. ಆದರೆ ಕನ್ನಡದಲ್ಲಿ ಸಂಚಕಾರಕ್ಕೆ ಕುತ್ತು ಎಂಬ ಅರ್ಥವೂ ಬಂದಿದೆ. 'ಪ್ರಾಣಕ್ಕೆ ಸಂಚಕಾರ' ಎನ್ನುತ್ತೇವೆ. ಎರಡೂ ಅರ್ಥಗಳು ಹೇಗೆ ಒಂದೇ ಮಾತಿನಲ್ಲಿ ಕೂತವೋ ಪಂಡಿತರು ಹೇಳಬೇಕು. ನನಗಂತೂ ಮೊದಲ ಅರ್ಥದ ಸಂಚಕಾರ ತೆಗೆದುಕೊಳ್ಳದೆ ಇದ್ದುದರಿಂದ ಎರಡನೇ ಅರ್ಥದ ಸಂಚಕಾರ ಬಂದಿತ್ತು.

ಎಷ್ಟು ಕೇಳುವುದು?

ಮುಂಗಡವನ್ನು ಬಹಳ ಜನ ಬಾಯಿಗೆ ಬಂದಂತೆ ಹೇಳುತ್ತಾರೆ. ಕೆಲವರು ಅರ್ಧ ಎನ್ನುತ್ತಾರೆ, ಕೆಲವರು 5,000 ಟೋಕನ್ ಎನ್ನುತ್ತಾರೆ. ನಾನು ಆ ಕೈತಪ್ಪಿದ ಮದುವೆಯ ಲೆಕ್ಕವನ್ನೇ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದು ಕೂತೆ.

ಒಟ್ಟು 85,000. ಅದರಲ್ಲಿ ಎರಡನೇ ಕ್ಯಾಮೆರಾದ ಹುಡುಗನಿಗೆ 12,000. ವಿಡಿಯೋದವನಿಗೆ ಎರಡು ದಿನಕ್ಕೆ 20,000. ಆಲ್ಬಮ್ ಮುದ್ರಣಕ್ಕೆ 15,000. ಪ್ರಯಾಣ 5,000. ಲೆನ್ಸ್ ಬಾಡಿಗೆ 4,000. ಒಟ್ಟು 56,000 ಹೋದರೆ ನನಗೆ ಉಳಿಯುವುದು 29,000. ಅದಕ್ಕೆ ಎರಡು ದಿನ ನಿಂತು ತೆಗೆಯುವುದು, ನಂತರ ರಾತ್ರಿಗಳಲ್ಲಿ ಕೂತು ಸುಮಾರು 40 ಗಂಟೆ ಎಡಿಟ್ ಮಾಡುವುದು.

ಮದುವೆ ನಿಂತುಹೋದರೆ ಇದರಲ್ಲಿ ನಿಜವಾಗಿ ಕೈಬಿಡುವುದು ಯಾವುದು? ಆಲ್ಬಮ್ ಮುದ್ರಣವಾಗುವುದಿಲ್ಲ, ಆ ಹಣ ಉಳಿಯಿತು. ಎಡಿಟ್ ಮಾಡುವ ಶ್ರಮವೂ ಉಳಿಯಿತು. ಜತೆಗಾರರಿಬ್ಬರಿಗೆ ಕಡೇಪಕ್ಷ ಅರ್ಧ ಕೊಡಬೇಕು, ಅದು 16,000. ಪ್ರಯಾಣ, ಲೆನ್ಸ್ ಸೇರಿ 9,000. ಒಟ್ಟು 25,000. ಇದು 85,000ದ ಹತ್ತಿರ ಹತ್ತಿರ 30 ಪ್ರತಿಶತ. ಅಂದಿನಿಂದ ನನ್ನ ಮುಂಗಡ 30 ಪ್ರತಿಶತ. ಯಾರಾದರೂ "ಇಷ್ಟು ಯಾಕೆ?" ಎಂದರೆ ಈ ಲೆಕ್ಕವನ್ನೇ ತೋರಿಸುತ್ತೇನೆ. ತೋರಿಸಿದ ಮೇಲೆ ವಾದ ಮಾಡಿದವರು ಕಡಿಮೆ. ಹಣ ಬರುವವರೆಗೆ ತಾರೀಖು ಯಾರದೂ ಅಲ್ಲ ಎಂದು ಮೊದಲೇ ಹೇಳುತ್ತೇನೆ. ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದವರಿಗೆ ಮೂರು ದಿನ ತಾರೀಖು ಹಿಡಿದಿಡುತ್ತೇನೆ, ಅಷ್ಟೇ.

ಮೂರು ಕಂತು, ಮೂರು ಹೊತ್ತು

ಮುಂಗಡಕ್ಕಿಂತ ಕಷ್ಟದ್ದು ಉಳಿದ 70 ಪ್ರತಿಶತ. ಮೊದಲು ನಾನು ಅರ್ಧ ಮದುವೆಯ ದಿನ, ಉಳಿದದ್ದು ಆಲ್ಬಮ್ ಕೊಟ್ಟಾಗ ಎಂದು ಇಟ್ಟುಕೊಂಡಿದ್ದೆ. ಎರಡೂ ತಪ್ಪು ಹೊತ್ತು.

ಮದುವೆಯ ದಿನ ಹಣ ಯಾರ ಬಳಿ ಇರುತ್ತದೆ ಗೊತ್ತೇ? ತಂದೆಯ ಬಳಿ ಅಲ್ಲ. ಚೀಲ ಸೋದರಮಾವನ ಕಂಕುಳಲ್ಲಿರುತ್ತದೆ. ಸೋದರಮಾವ ಅಡುಗೆಮನೆಯಲ್ಲಿರುತ್ತಾನೆ, ಇಲ್ಲವೇ ಬಸ್ಸಿನವನ ಜತೆ ಜಗಳದಲ್ಲಿರುತ್ತಾನೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಹಣ ಕೇಳುವುದು ಹೇಗೆ? ಮಗಳನ್ನು ಕಳಿಸಿಕೊಟ್ಟು ಕಣ್ಣೊರೆಸಿಕೊಳ್ಳುವ ತಂದೆಯ ಮುಂದೆ ಕೈಯೊಡ್ಡುವುದು ಹೇಗೆ? ಒಮ್ಮೆ ಸೊಲ್ಲಾಪುರದಲ್ಲಿ ರಾತ್ರಿ 11 ಗಂಟೆಗೆ ಖಾಲಿ ಕಾರ್ಯಾಲಯದಲ್ಲಿ ನಾನು, ನನ್ನ ಹುಡುಗರು, ಕಸ ಗುಡಿಸುವವರು ಮಾತ್ರ ಉಳಿದಿದ್ದೆವು. ಚೀಲ ಹಿಡಿದ ಮಾವ ಆಗಲೇ ರೈಲು ಹತ್ತಿದ್ದ. ಹುಡುಗರಿಗೆ ಊಟದ ಹಣವನ್ನೂ ನನ್ನ ಕಾರ್ಡಿನಿಂದ ಕೊಟ್ಟೆ. ಆಮೇಲೆ ಆ ಹಣ ಬರಲು ಏಳು ವಾರ ಹಿಡಿಯಿತು.

ಈಗ ಎರಡನೇ ಕಂತು 50 ಪ್ರತಿಶತ, ಮದುವೆಗೆ ಐದು ದಿನ ಮೊದಲು. ಆಗ ಮನೆಯವರು ಹೇಗೂ ಎಲ್ಲರ ಲೆಕ್ಕ ನೋಡುತ್ತಿರುತ್ತಾರೆ, ತಲೆ ಇನ್ನೂ ತಣ್ಣಗಿರುತ್ತದೆ. ಮದುವೆಯ ದಿನ ನಾನು ಹಣದ ಮಾತೇ ಎತ್ತುವುದಿಲ್ಲ. ಅದು ಅವರಿಗೂ ನೆಮ್ಮದಿ, ನನಗೂ ನೆಮ್ಮದಿ.

ಕೊನೆಯ ಕಂತನ್ನು ಆಲ್ಬಮ್ಮಿಗೆ ಗಂಟು ಹಾಕಿದ್ದೂ ತಪ್ಪೇ. ಆಲ್ಬಮ್ಮಿಗೆ ಫೋಟೋ ಆರಿಸುವವರು ಮನೆಯವರು. ಸಾವಿರಾರು ಫೋಟೋಗಳಲ್ಲಿ 150 ಆರಿಸಬೇಕು. ಮಗಳು ಅಮೆರಿಕದಲ್ಲಿ, ಅಳಿಯನಿಗೆ ಬಿಡುವಿಲ್ಲ, ಅತ್ತೆಗೆ ತನ್ನ ಅಣ್ಣತಮ್ಮಂದಿರ ಫೋಟೋ ಸಾಲವು. ಒಂದು ಮನೆಯವರು ಆರಿಸಿ ಕೊಡುವಷ್ಟರಲ್ಲಿ ಆ ದಂಪತಿಗೆ ಮಗುವೇ ಆಗಿತ್ತು. ಅಲ್ಲಿಯವರೆಗೆ ನನ್ನ ಹಣ ನಿಂತಿತ್ತು. ಈಗ ಕೊನೆಯ 20 ಪ್ರತಿಶತ ಎಡಿಟ್ ಆದ ಫೋಟೋಗಳು ಸಿದ್ಧವಾದಾಗ. ಮೊದಲು ಸಣ್ಣ ಅಳತೆಯ ಪ್ರತಿಗಳ ಲಿಂಕ್ ಕಳಿಸುತ್ತೇನೆ, ಎಲ್ಲರೂ ನೋಡಬಹುದು. ಹಣ ಬಂದ ದಿನವೇ ಪೂರ್ಣ ಅಳತೆಯವು ಹೋಗುತ್ತವೆ. ಆಲ್ಬಮ್ ಆಮೇಲೆ, ಅವರು ಆರಿಸಿಕೊಟ್ಟ 30 ದಿನದೊಳಗೆ. ಆರು ತಿಂಗಳಾದರೂ ಆರಿಸದಿದ್ದರೆ ಕಾಗದದ ಅಂದಿನ ದರ ಹಾಕುತ್ತೇನೆ ಎಂದು ಬರೆದಿದ್ದೇನೆ. ಒಮ್ಮೆಯೂ ಹಾಕಿಲ್ಲ, ಆದರೆ ಬರೆದದ್ದರಿಂದ ಆಯ್ಕೆ ಬೇಗ ಬರುತ್ತದೆ.

ಇನ್ನೊಂದು ನಮ್ಮ ಮದುವೆಗಳದ್ದೇ ತೊಡಕು. "ಅರ್ಧ ನಮ್ಮದು, ಅರ್ಧ ಬೀಗರದು" ಎನ್ನುತ್ತಾರೆ. ಬೀಗರ ಅರ್ಧ ಎಂದೂ ಸಮಯಕ್ಕೆ ಬರುವುದಿಲ್ಲ. ಅದನ್ನು ಕೇಳಲು ಹೆಣ್ಣಿನವರಿಗೆ ಸಂಕೋಚ, ನನಗೆ ಅವರ ಪರಿಚಯವಿಲ್ಲ. ಈಗ ಒಪ್ಪಂದದಲ್ಲಿ ಒಬ್ಬರ ಹೆಸರೇ ಇರುತ್ತದೆ. ಅವರವರ ನಡುವಿನ ಪಾಲು ಅವರಿಗೆ ಬಿಟ್ಟದ್ದು.

ಬರೆದ ಕಲಮು ಮತ್ತು ಸತ್ತ ಮನೆ

ಇಷ್ಟೆಲ್ಲ ಜಾಣತನ ಬಂದ ಮೇಲೆ ನನ್ನ ಕಾಗದದಲ್ಲಿ ಒಂದು ಸಾಲು ಸೇರಿತ್ತು: 'ಮುಂಗಡವನ್ನು ಯಾವ ಕಾರಣಕ್ಕೂ ಮರಳಿಸಲಾಗದು.' ಯಾರದೋ ಒಪ್ಪಂದದಿಂದ ನಕಲು ಮಾಡಿದ್ದು. ಗಟ್ಟಿಯಾಗಿ ಕಾಣುತ್ತಿತ್ತು, ಹಾಗೇ ಇಟ್ಟುಕೊಂಡಿದ್ದೆ.

2023ರಲ್ಲಿ ಒಂದು ಮದುವೆಗೆ 20 ದಿನ ಇರುವಾಗ ಹುಡುಗಿಯ ಅಣ್ಣ ಫೋನು ಮಾಡಿದ. ಹಿಂದಿನ ರಾತ್ರಿ ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದರು. ಮದುವೆ ಮುಂದಕ್ಕೆ ಹೋಗಿದೆ, ಯಾವಾಗ ಗೊತ್ತಿಲ್ಲ ಎಂದ. ಹಣದ ಮಾತು ಅವನು ಎತ್ತಲೇ ಇಲ್ಲ. ಒಂದು ಲಕ್ಷದ ಕೆಲಸ, 30,000 ನನ್ನ ಬಳಿ ಇತ್ತು. ಅದರಲ್ಲಿ 12,000 ಜತೆಗಾರರಿಗೆ ಆಗಲೇ ಹೋಗಿತ್ತು.

ರಾತ್ರಿ ಆ ಕಾಗದ ತೆಗೆದು ಓದುತ್ತಾ ಕೂತಿದ್ದೆ. ಹೆಂಡತಿ ಹಿಂದೆ ಬಂದು ನಿಂತಳು. "ಅವರ ಮನ್ಯಾಗ ಸಾವು ಆಗೇದ. ನೀವು ಕಲಮು ಓದ್ಲಿಕ್ಕತ್ತೀರೇನ್ರಿ?" ಎಂದಳು.

ಓದುತ್ತಿದ್ದದ್ದು ನಿಜ. 18,000 ಮರಳಿಸಿ, ಕೊಟ್ಟಾಗಿದ್ದ 12,000ದ ಲೆಕ್ಕ ಕಳಿಸುವುದೆಂದು ನಿರ್ಧರಿಸಿದೆ. ಹದಿಮೂರು ದಿನ ಕಳೆಯಲಿ ಎಂದು ಕಾದು ಫೋನು ಮಾಡಿದೆ. ಅಣ್ಣ ಬೇಡವೆಂದ. ಮನೆಯಲ್ಲಿ ಹಿರಿಯರು, ವರ್ಷದೊಳಗೆ ಕನ್ಯಾದಾನ ಮಾಡಿದರೆ ಹೋದವರಿಗೂ ಒಳ್ಳೆಯದು ಎಂದಿದ್ದರಂತೆ. ನಾಲ್ಕು ತಿಂಗಳ ನಂತರ ಒಂದು ದೇವಸ್ಥಾನದಲ್ಲಿ ಬೆರಳೆಣಿಕೆಯ ಜನರ ನಡುವೆ ಮದುವೆಯಾಯಿತು. ನಾನೊಬ್ಬನೇ ಹೋಗಿ ತೆಗೆದೆ. 45,000 ಬಿಲ್ಲಿನಲ್ಲಿ 30,000 ಹಿಡಿದುಕೊಂಡೆ. ಅವರು ಉಳಿದ 15,000 ಕೊಟ್ಟರು. ನಿಶ್ಚಿತಾರ್ಥಕ್ಕೂ ನಾನೇ ಹೋಗಿದ್ದೆ. ಅಂದು ಮಗಳ ಮುಡಿಗೆ ತಂದೆ ಹೂವು ಸರಿಮಾಡುತ್ತಿದ್ದ ಒಂದು ಫೋಟೋ ನನ್ನಲ್ಲಿತ್ತು. ಕೇಳದೆಯೇ ದೊಡ್ಡದಾಗಿ ಮುದ್ರಿಸಿ ಕೊಟ್ಟೆ. ಅದಕ್ಕೆ ಬಿಲ್ಲಿಲ್ಲ.

ಆದರೆ ಅವರು ಪೂರ್ತಿ ಹಣ ಕೇಳಿದ್ದರೆ? ವಕೀಲ ಗೆಳೆಯನೊಬ್ಬನನ್ನು ವಿಚಾರಿಸಿದೆ. ಅವನು ನನ್ನ ಆ ಗಟ್ಟಿ ಸಾಲನ್ನು ನೋಡಿ ನಕ್ಕ.

ಕಾನೂನು ಏನು ಹೇಳುತ್ತದೆ

1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ತಿರುಳು ಇಷ್ಟು: ಕರಾರು ಮುರಿದರೆ ಇಂತಿಷ್ಟು ಎಂದು ಬರೆದಿದ್ದರೂ ಸಿಗುವುದು ಸಮಂಜಸವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ. ಸುಪ್ರೀಂ ಕೋರ್ಟಿನ 1963ರ ಫತೇಚಂದ್ ವಿರುದ್ಧ ಬಾಲಕಿಷನ್ ದಾಸ್ ತೀರ್ಪು ಇದಕ್ಕೆ ದಾರಿದೀಪ. ಒಂದು ಆಸ್ತಿ ಮಾರಾಟದಲ್ಲಿ 25,000 ರೂಪಾಯಿ ಕೊಟ್ಟಾಗಿತ್ತು. ಅದರಲ್ಲಿ ಸಂಚಕಾರವೆಂದು ಕೊಟ್ಟ 1,000ವನ್ನು ಮಾರುವವನು ಇಟ್ಟುಕೊಳ್ಳಬಹುದು ಎಂದಿತು ಕೋರ್ಟು. ಉಳಿದ 24,000ವನ್ನು ಕರಾರಿನಲ್ಲಿ ಬರೆದಿದೆ ಎಂಬ ಕಾರಣಕ್ಕಷ್ಟೇ ಮುಟ್ಟುಗೋಲು ಹಾಕಿಕೊಳ್ಳಲಾಗದು ಎಂದಿತು. 2015ರ ಕೈಲಾಶ್ ನಾಥ್ ತೀರ್ಪಿನಲ್ಲಿ, 74ನೇ ಕಲಮಿನಡಿ ಪರಿಹಾರ ಕೇಳಬೇಕಾದರೆ ನಷ್ಟ ಆಗಿರಲೇಬೇಕು ಎಂಬುದು ಸ್ಪಷ್ಟವಾಯಿತು. ಸಂಚಕಾರ ಬೇರೆ, ಬೆಲೆಯ ಭಾಗವಾಗಿ ಕೊಡುವ ಮುಂಗಡ ಬೇರೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಅತಿಯಾದ ಠೇವಣಿ ಕೇಳುವುದು, ಆದ ನಷ್ಟಕ್ಕೆ ಹೋಲಿಸಿದರೆ ತೀರ ಹೆಚ್ಚಿನ ದಂಡ ಹಾಕುವುದು, ಇವು 'ಅನ್ಯಾಯದ ಕರಾರಿ'ನ ಲಕ್ಷಣಗಳು ಎಂದು ಅದು ಹೇಳುತ್ತದೆ. ಅಂದರೆ ಪೂರ್ತಿ ಹಣ ಮೊದಲೇ ಪಡೆದು 'ಯಾವ ಕಾರಣಕ್ಕೂ ಮರಳಿಸೆವು' ಎಂದು ಬರೆದುಕೊಂಡವನು ನೆಮ್ಮದಿಯಿಂದ ಮಲಗುವಂತಿಲ್ಲ. ನನ್ನ 25,000ದ ಲೆಕ್ಕದಂಥದ್ದು ಕೈಯಲ್ಲಿದ್ದರೆ ಮಲಗಬಹುದು.

ಯಾರ ತಪ್ಪೂ ಇಲ್ಲದೆ ಕೆಲಸವೇ ಅಸಾಧ್ಯವಾದರೆ? 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂದಾಗ ನನ್ನ ಬಳಿ ಆ ಬೇಸಿಗೆಯ ಮೂರು ಮದುವೆಗಳ ಮುಂಗಡ ಇತ್ತು. ಅದೇ ಕಾಯ್ದೆಯ 56ನೇ ಕಲಮಿನ ಪ್ರಕಾರ ಅಸಾಧ್ಯವಾದ ಕರಾರು ಅನೂರ್ಜಿತ. 65ನೇ ಕಲಮಿನ ಪ್ರಕಾರ ಪಡೆದ ಲಾಭವನ್ನು ಹಿಂದಿರುಗಿಸಬೇಕು. ಆಗ ನನಗೆ ಈ ಕಲಮುಗಳು ಗೊತ್ತಿರಲಿಲ್ಲ. ಒಬ್ಬರಿಗೆ ಮರಳಿಸಿದೆ. ಒಬ್ಬರು ಮರುವರ್ಷಕ್ಕೆ ಹಾಕಿಕೊಂಡರು. ಇನ್ನೊಬ್ಬರದು 50 ಜನರ ಮಿತಿಯಲ್ಲಿ ಮಾಸ್ಕ್ ಹಾಕಿಕೊಂಡೇ ನಡೆಯಿತು.

ಕಾಗದಕ್ಕೆ ಸ್ಟಾಂಪು, ಸಹಿ ಇಲ್ಲದಿದ್ದರೆ ನಡೆಯುವುದಿಲ್ಲ ಎಂದುಕೊಳ್ಳುವವರಿದ್ದಾರೆ. ಇಮೇಲ್ ಮೂಲಕ ಆದದ್ದು ಎಂಬ ಕಾರಣಕ್ಕಷ್ಟೇ ಕರಾರನ್ನು ಅಲ್ಲಗಳೆಯಲಾಗದು ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ. ನಾನು ಒಂದು ಪುಟದ ಕನ್ನಡ ಕಾಗದವನ್ನು ಇಮೇಲ್ ಮತ್ತು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇನೆ. ಅವರು 'ಒಪ್ಪಿದೆ' ಎಂದು ಉತ್ತರಿಸಿದ ಮೇಲೆಯೇ ಹಣ ಪಡೆಯುತ್ತೇನೆ.

ನಗದು, ತೆರಿಗೆ, ನೌಕರಿ

ಮದುವೆ ಮನೆಯಲ್ಲಿ ನಗದು ಓಡಾಡುವುದು ಹೆಚ್ಚು. 2017ರಿಂದ ಒಂದು ನಿಯಮವಿದೆ: ಒಬ್ಬರಿಂದ ಒಂದು ಸಮಾರಂಭದ ಲೆಕ್ಕಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಕಂತು ಮಾಡಿ ಬೇರೆ ಬೇರೆ ದಿನ ಪಡೆದರೂ ಸಮಾರಂಭ ಒಂದೇ, ಆದ್ದರಿಂದ ಲೆಕ್ಕವೂ ಒಂದೇ. ದಂಡ ಪಡೆದವರ ಮೇಲೆ, ಪಡೆದಷ್ಟೂ ಮೊತ್ತ. ದೊಡ್ಡ ಪ್ಯಾಕೇಜಿನವರು ಎಚ್ಚರ.

ಸೇವೆ ಮಾರುವವರ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸಂಬಳ ಇದರಲ್ಲಿ ಸೇರುವುದಿಲ್ಲ. ಫೋಟೋಗ್ರಫಿಗೆ ದರ 18 ಪ್ರತಿಶತ. ನೋಂದಣಿ ಇದ್ದವರಿಗೆ ಸೇವೆಯ ಮುಂಗಡ ಬಂದಾಗಲೇ ತೆರಿಗೆ ಹೊಣೆ ಹುಟ್ಟುತ್ತದೆ, ಮದುವೆ ಆದಾಗಲ್ಲ. ಹೀಗಾಗಿ ಹೇಳಿದ ದರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲ ದಿನವೇ ಬರೆಯಬೇಕು. ನೌಕರಿಯಲ್ಲಿರುವವರು ತಮ್ಮ ನೇಮಕಾತಿ ಪತ್ರವನ್ನೊಮ್ಮೆ ಓದಿಕೊಳ್ಳಿ. 2022ರಲ್ಲಿ ಮೂನ್‌ಲೈಟಿಂಗ್ ಗಲಾಟೆ ಎದ್ದಾಗ ನಾನು ಎಚ್‌ಆರ್‌ಗೆ ಬರೆದು ಲಿಖಿತ ಅನುಮತಿ ತೆಗೆದುಕೊಂಡೆ.

ಹಣ ಕೊಡುವವರ ಕಡೆಯಿಂದ

ಈಗ ಆಚೆ ದಡ. ನನ್ನ ದೊಡ್ಡಪ್ಪನ ಮಗಳ ಮದುವೆಗೆ ಫೋಟೋಗ್ರಾಫರ್ ಒಬ್ಬ 80 ಪ್ರತಿಶತ ಮೊದಲೇ ಪಡೆದ. ಮದುವೆಗೆ ತಾನು ಬರಲಿಲ್ಲ, ಬೇರೆ ಯಾರನ್ನೋ ಕಳಿಸಿದ. ಫೋಟೋ ಬಂದದ್ದು 14 ತಿಂಗಳ ನಂತರ. ಅಕ್ಕ ಫೋನು ಮಾಡಿ ಮಾಡಿ ಸೋತಿದ್ದಳು. ಉಳಿದ 20ಕ್ಕೆ ಅವನಿಗೆ ಅವಸರವೇ ಇರಲಿಲ್ಲ. ಹಣ ಪೂರ್ತಿ ಮೊದಲೇ ಹೋದರೆ ಕೆಲಸ ಹಿಂದಾಗುತ್ತದೆ, ಹಣ ಪೂರ್ತಿ ಹಿಂದೆ ಉಳಿದರೆ ಕೆಲಸ ಮಾಡಿದವನು ಮುಳುಗುತ್ತಾನೆ. ಕಂತು ಇರುವುದು ಇಬ್ಬರ ಕೈಯಲ್ಲೂ ಸ್ವಲ್ಪ ಹಗ್ಗ ಉಳಿಯಲಿ ಎಂದು.

ಆದ್ದರಿಂದ ಮುಂಗಡ ಕೊಡುವ ಮೊದಲು ಇವನ್ನು ಕೇಳಿ:

ಬುಕ್ಕಿಂಗ್‌ಗೆ ಮೂರನೇ ಒಂದಕ್ಕಿಂತ ಹೆಚ್ಚು ಕೇಳಿದರೆ ಯಾಕೆ ಎಂದು ಲೆಕ್ಕ ಕೇಳಿ.

ಮದುವೆಗೆ ಖುದ್ದಾಗಿ ಬರುವವರು ಯಾರು? ಹೆಸರು ಕಾಗದದಲ್ಲಿರಲಿ.

ಫೋಟೋ ಯಾವ ತಾರೀಖಿಗೆ, ಆಲ್ಬಮ್ ಯಾವ ತಾರೀಖಿಗೆ? 'ಬೇಗ' ಎಂಬುದು ತಾರೀಖಲ್ಲ.

ಮದುವೆ ಮುಂದಕ್ಕೆ ಹೋದರೆ ಮುಂಗಡ ಹೊಸ ತಾರೀಖಿಗೆ ನಡೆಯುತ್ತದೆಯೇ? ಎಷ್ಟು ತಿಂಗಳೊಳಗೆ?

ಫೋಟೋಗ್ರಾಫರ್ ಬಾರದಿದ್ದರೆ ಏನು? ನನ್ನ ಕಾಗದದಲ್ಲಿ, ಅದೇ ಮಟ್ಟದ ಬದಲಿಯನ್ನು ಕಳಿಸುತ್ತೇನೆ, ಅದು ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಪಡೆದ ಹಣ ಪೂರ್ತಿ ವಾಪಸ್ಸು ಎಂದಿದೆ.

ಹೊರಊರಾದರೆ ಪ್ರಯಾಣ, ವಸತಿ ಯಾರದು? ಹುಡುಗರ ಊಟ ಎಲ್ಲರ ಜತೆಗೋ, ಎಲ್ಲ ಮುಗಿದ ಮೇಲೋ? ಇದನ್ನೂ ಬರೆಯಿರಿ, ನಾಚಿಕೆ ಬೇಡ.

ಹೇಳಿದ ಹೊತ್ತಿಗಿಂತ ಹೆಚ್ಚು ನಿಂತರೆ ಗಂಟೆಗೆ ಎಷ್ಟು?

ಫೋಟೋಗಳ ಹಕ್ಕಿನ ಬಗ್ಗೆಯೂ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆಯ ತೆಗೆಸಿದವನೇ. ನಿಮ್ಮ ಮಗಳ ಫೋಟೋವನ್ನು ಇನ್‌ಸ್ಟಾಗ್ರಾಮಿಗೆ ಹಾಕಬೇಕಾದರೆ ನಾವು ನಿಮ್ಮನ್ನು ಕೇಳಬೇಕು. ಕೇಳುವ ಸಾಲು ನನ್ನ ಕಾಗದದಲ್ಲಿದೆ. ಬೇಡ ಎಂದವರಿಗೆ ದರ ಹೆಚ್ಚಿಸುವುದಿಲ್ಲ.

ಆ 'ಯಾವ ಕಾರಣಕ್ಕೂ' ಸಾಲು ಈಗ ಹೀಗಿದೆ: ಮದುವೆಗೆ 60 ದಿನಕ್ಕಿಂತ ಮೊದಲು ರದ್ದಾದರೆ ಮುಂಗಡದ ಅರ್ಧ ವಾಪಸ್ಸು. ಅದೇ ತಾರೀಖಿಗೆ ನನಗೆ ಬೇರೆ ಕೆಲಸ ಸಿಕ್ಕರೆ ಪೂರ್ತಿ ವಾಪಸ್ಸು. 60 ದಿನದೊಳಗಾದರೆ ಮುಂಗಡ ನನ್ನದು. ಮನೆಯಲ್ಲಿ ಸಾವು, ತೀವ್ರ ಅನಾರೋಗ್ಯ ಅಥವಾ ಸರಕಾರದ ನಿರ್ಬಂಧ ಬಂದರೆ, ಜತೆಗಾರರಿಗೆ ಆಗಲೇ ಕೊಟ್ಟದ್ದನ್ನು ಲೆಕ್ಕ ತೋರಿಸಿ ಕಳೆದು ಉಳಿದದ್ದೆಲ್ಲ ವಾಪಸ್ಸು, ಇಲ್ಲವೇ ಒಂದು ವರ್ಷದೊಳಗೆ ಹೊಸ ತಾರೀಖಿಗೆ. ಹೆಂಡತಿ ಓದಿ ನೋಡಿ "ಈಗ ಅಡ್ಡಿಯಿಲ್ಲ" ಎಂದಳು.

ಆ ಹುಬ್ಬಳ್ಳಿ ಕಾಕಾ ಈಗಲೂ ಸ್ನೇಹಕೂಟದಲ್ಲಿ ಸಿಗುತ್ತಾರೆ, ಚೆನ್ನಾಗಿಯೇ ಇದ್ದೇವೆ. ಅವರ ಮಗಳ ಮದುವೆಯ ಊಟಕ್ಕೂ ಹೋಗಿದ್ದೆ, ಗೋಧಿ ಹುಗ್ಗಿ ಬಹಳ ಚಲೋ ಆಗಿತ್ತು. ತಪ್ಪು ಅವರೊಬ್ಬರದೇ ಅಲ್ಲ. ಕೇಳಬೇಕಾದ ಹೊತ್ತಿಗೆ ಕೇಳದೆ, ಆಮೇಲೆ ಮನಸ್ಸಿನಲ್ಲಿ ಹಳಿದುಕೊಳ್ಳುವುದು ನಂಟಸ್ತನವಲ್ಲ.

ಅಕ್ಕಲಕೋಟೆಯ ಆ ಹುಡುಗ ಈಗ ಸ್ವಂತ ತಂಡ ಕಟ್ಟಿದ್ದಾನೆ. ಹೋದ ತಿಂಗಳು ಡಿಸೆಂಬರಿನ ಒಂದು ತಾರೀಖಿಗೆ ಎರಡನೇ ಕ್ಯಾಮೆರಾ ಬೇಕೆಂದು ಅವನಿಗೇ ಫೋನು ಮಾಡಿದೆ. ಬರ್ತೀನ್ರಿ ಅಣ್ಣಾ ಎಂದ. ಒಂದು ಕ್ಷಣ ಬಿಟ್ಟು, ಸ್ವಲ್ಪ ಸಂಕೋಚದಲ್ಲೇ, "30 ಪರ್ಸೆಂಟ್ ಹಾಕಿಬಿಡ್ರಿ, ತಾರೀಖ ಬರಕೋತೀನಿ" ಎಂದ. ಫೋನು ಇಡುವ ಮೊದಲೇ ಹಾಕಿದೆ.